ಕಂಟ್ರಾಕ್ಟರ್ ಕೆಲಸ ಬಿಟ್ಟುಹೋದರೆ ಇಲಾಖೆಗೆ ಠೇವಣಿ ಇದೆ, ನಮಗೆ ಎಂತ ಇದೆ?

ಲೋಕೋಪಯೋಗಿ ಇಲಾಖೆ ಮತ್ತು ಹಣಕಾಸು ಇಲಾಖೆಯ ದೊಡ್ಡವರಿಗೆ, ಹಾಗೇ ಮಂಗಳೂರು ಪಾಲಿಕೆ, ಉಡುಪಿ ನಗರಸಭೆ, ಎರಡೂ ಜಿಲ್ಲಾ ಪಂಚಾಯಿತಿಗಳಲ್ಲಿ ಟೆಂಡರ್ ಕರೆಯುವ ಎಲ್ಲರಿಗೂ,

ನಮಸ್ಕಾರ.

ನಾನು ಕಂಟ್ರಾಕ್ಟರ್ ಅಲ್ಲ. ಕಂಟ್ರಾಕ್ಟರುಗಳಿಗೆ ಉದ್ರಿ ಕೊಡುವವನು. ಉಡುಪಿ ಹತ್ತಿರ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಸಿಮೆಂಟ್, ಕಬ್ಬಿಣ, ಪೈಪು, ಬೈಂಡಿಂಗ್ ವಯರ್, ಹೀಗೆ. ಸರಕಾರಿ ಕೆಲಸ ಎಂದರೆ ನಿಮ್ಮ ಕಾಗದದಲ್ಲಿ ಇಬ್ಬರೇ ಇರುತ್ತಾರೆ, ಇಲಾಖೆ ಮತ್ತು ಗುತ್ತಿಗೆದಾರ. ಆದರೆ ಚರಂಡಿಯೋ ತಡೆಗೋಡೆಯೋ ಶಾಲೆಯ ಎರಡು ಕೋಣೆಯೋ ಮೇಲೇಳುವಾಗ, ಬಿಲ್ ಪಾಸಾಗುವ ತನಕ ಆ ಕೆಲಸಕ್ಕೆ ನಿಜವಾಗಿ ದುಡ್ಡು ಹಾಕಿ ಕೂತಿರುವವರು ನಾವು. ಕ್ರಷರಿನಿಂದ ಜಲ್ಲಿ ಕಳಿಸಿದವರು, ಹೊಯ್ಗೆ ಲಾರಿಯವರು, ಕೆಂಪುಕಲ್ಲಿನವರು, ಜೆಸಿಬಿ ಬಾಡಿಗೆಗೆ ಕೊಟ್ಟವರು, ಸೆಂಟ್ರಿಂಗ್ ಶೀಟಿನವರು. ನಮ್ಮ ಹೆಸರು ನಿಮ್ಮ ಯಾವ ಫೈಲಿನಲ್ಲೂ ಇಲ್ಲ. ಈ ಪತ್ರ ಅದರ ಬಗ್ಗೆಯೇ.

ಕೆಲವು ವರ್ಷದ ಹಿಂದೆ ಬೇರೆ ಜಿಲ್ಲೆಯ ಒಬ್ಬರು ನಮ್ಮ ಕಡೆ ಒಂದು ಸರಕಾರಿ ಕಟ್ಟಡದ ಕೆಲಸ ಹಿಡಿದರು. ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ರೇಟು ಹಾಕಿದ್ದರು. ಎಷ್ಟು ಕಡಿಮೆ ಎಂದರೆ, ಊರಿನ ಕಂಟ್ರಾಕ್ಟರುಗಳು ಅಂಗಡಿಗೆ ಬಂದು ನಗುತ್ತಿದ್ದರು. ಮೊದಲ ಎರಡು ಬಿಲ್ಲಿಗೆ ನಮಗೆ ಸರಿಯಾಗಿಯೇ ಕೊಟ್ಟರು, ಹಾಗಾಗಿ ನಂಬಿಕೆ ಬಂತು, ಉದ್ರಿ ಬೆಳೆಯಿತು. ಮಳೆ ಶುರುವಾಯಿತು, ಕೆಲಸ ನಿಂತಿತು, ಮಳೆ ಮುಗಿದ ಮೇಲೆ ಮನುಷ್ಯನೇ ಇಲ್ಲ. ಇಲಾಖೆ ನೋಟಿಸು ಕೊಟ್ಟಿತು, ಗುತ್ತಿಗೆ ರದ್ದು ಮಾಡಿತು, ಠೇವಣಿ ಮುಟ್ಟುಗೋಲು ಹಾಕಿಕೊಂಡಿತು. ನಿಯಮದ ಪ್ರಕಾರ ಎಲ್ಲ ಸರಿ. ನಾವು ಕೆಲವರು ಒಟ್ಟಾಗಿ ಹೋಗಿ ಇಂಜಿನಿಯರ್ ಸಾಹೇಬರನ್ನು ಕೇಳಿದಾಗ ಅವರು ಕೂರಿಸಿ ಚಾ ತರಿಸಿ ಹೇಳಿದ್ದು ಒಂದೇ ಮಾತು: "ನಿಮಗೂ ನಮಗೂ ಅಗ್ರಿಮೆಂಟ್ ಇಲ್ಲವಲ್ಲ ಮಾರಾಯ್ರೇ." ಹೌದು, ಇಲ್ಲ. ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಸಿಮೆಂಟು ಆ ಕಂಬಗಳೊಳಗೇ ಇದೆ, ಆ ಕಂಬಗಳ ಮೇಲೆಯೇ ಮುಂದಿನ ಕಂಟ್ರಾಕ್ಟರ್ ಸ್ಲ್ಯಾಬ್ ಹಾಕಿದ, ಅಲ್ವಾ? ಖಾಸಗಿ ಮನೆಯಾಗಿದ್ದರೆ ಮಾಲಕರ ಜಗಲಿಯಲ್ಲಿ ಕೂತು ಜಗಳವಾದರೂ ಮಾಡಬಹುದಿತ್ತು.

ಇಲ್ಲಿ ಕಾನೂನು ಯಾರನ್ನು ಕಾಯುತ್ತದೆ ಎಂದು ಸ್ವಲ್ಪ ನೋಡಿ. ಇಲಾಖೆಗೆ ಇಎಂಡಿ (ಟೆಂಡರ್ ಹಾಕುವಾಗಲೇ ಕಟ್ಟುವ ಹಣ) ಇದೆ, ಭದ್ರತಾ ಠೇವಣಿ ಇದೆ, ಕೆಲಸ ನಡೆಯುವಾಗ ಕೊಡುವ ರನ್ನಿಂಗ್ ಬಿಲ್ಲಿನಿಂದ ಹಿಡಿದಿಟ್ಟುಕೊಳ್ಳುವ ಹಣ ಇದೆ. ಕೂಲಿಯವರಿಗೆ, ಕಾಗದದ ಮೇಲಾದರೂ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂದದ್ದರಿಂದ ಒಂದು ಆಸರೆ ಸಿಕ್ಕಿತು: ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿದವರೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕು ಎಂದು ಅದರ 21ನೇ ಸೆಕ್ಷನ್ನಿನಲ್ಲಿತ್ತು. ಅದನ್ನು ಎಷ್ಟು ಮಂದಿ ಬಳಸಿಕೊಂಡರು ಎನ್ನುವುದು ಬೇರೆ ಕತೆ. ಸಾಮಾನು ಕೊಟ್ಟವನಿಗೆ? ಸಣ್ಣ ಉದ್ದಿಮೆಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದೊಳಗೆ ಹಣ ಕೊಡಬೇಕು ಎಂಬ ನಿಯಮ ಇದೆ, ಬಡ್ಡಿ ಸಹಿತ ವಸೂಲಿಗೆ ಒಂದು ಕೌನ್ಸಿಲ್ ಕೂಡ ಇದೆ. ಓದಿ ಖುಷಿಯಾಗಿತ್ತು. ಆಮೇಲೆ ತಿಳಿಯಿತು, 2021ರಲ್ಲಿ ಅಂಗಡಿಯವರನ್ನೂ ಎಂಎಸ್‌ಎಂಇ ಪಟ್ಟಿಗೆ ಸೇರಿಸಿದ್ದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ, ಬಾಕಿ ವಸೂಲಿಯ ಸೌಲಭ್ಯ ವ್ಯಾಪಾರಿಗಳಿಗೆ ಇಲ್ಲ ಎಂದು. ಇಟ್ಟಿಗೆ ಮಾಡುವವನಿಗೆ ಉಂಟು, ಇಟ್ಟಿಗೆ ತಂದು ಮಾರುವವನಿಗೆ ಇಲ್ಲ. ಉಳಿದದ್ದು ಸಿವಿಲ್ ಕೋರ್ಟು. ವಕೀಲರ ಫೀಸು, ವರ್ಷಗಟ್ಟಲೆ ವಾಯಿದೆ, ಎದುರು ಪಾರ್ಟಿಯ ವಿಳಾಸವೇ ಸಿಗದಿರುವುದು, ಇದನ್ನೆಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೀವು ಇಟ್ಟುಕೊಳ್ಳುವ ಆ ಠೇವಣಿಯ ವಿಷಯ. ಅದು ನಿಮಗಾದರೂ ಸಾಕಾಗುತ್ತದೆಯಾ? ಕೇಂದ್ರ ಸರಕಾರದ ಹಣಕಾಸು ನಿಯಮದಲ್ಲಿ ಪರ್ಫಾರ್ಮೆನ್ಸ್ ಸೆಕ್ಯುರಿಟಿ, ಅಂದರೆ ಕೆಲಸ ಸರಿಯಾಗಿ ಮುಗಿಸುವುದಕ್ಕೆ ಇಡುವ ಠೇವಣಿ, ಗುತ್ತಿಗೆ ಮೊತ್ತದ ಶೇಕಡಾ 5ರಿಂದ 10 ಎಂದಿತ್ತು, ಕೋವಿಡ್ ಸಮಯದಲ್ಲಿ, 2020ರ ನವೆಂಬರಿನಲ್ಲಿ, ಅದನ್ನು 3ಕ್ಕೆ ಇಳಿಸಿದರು. ಶೇಕಡಾ 5 ಎಂದೇ ಹಿಡಿಯಿರಿ, ಒಂದು ಕೋಟಿಯ ಕೆಲಸ ಅರ್ಧಕ್ಕೆ ನಿಂತರೆ ಐದು ಲಕ್ಷದಲ್ಲಿ ಏನು ಮಾಡುತ್ತೀರಿ? ಹೊಸ ಎಸ್ಟಿಮೇಟ್, ಹೊಸ ದರ, ಹೊಸ ಟೆಂಡರ್. ಐದು ಲಕ್ಷ ಅದಕ್ಕೇ ಮುಗಿಯಿತು. ಕರಾವಳಿಯಲ್ಲಿ ಅರ್ಧ ನಿಂತ ಕೆಲಸ ಒಂದು ಮಳೆಗಾಲ ಕಳೆದರೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಕಂಬಿ ತುಕ್ಕು ಹಿಡಿದಿರುತ್ತದೆ, ಅಗೆದ ಅಡಿಪಾಯದಲ್ಲಿ ಕೆಸರು ತುಂಬಿರುತ್ತದೆ, ಮಣ್ಣು ಜರಿದಿರುತ್ತದೆ. ಮೊದಲಿನ ಕೆಲಸ ಅರ್ಧ ಕಿತ್ತು ಮತ್ತೆ ಮಾಡಬೇಕು.

ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ನೆನಪಿದೆಯಲ್ಲ? ಸುಮಾರು ಹತ್ತು ವರ್ಷ ಎಳೆದು 2020ರ ಜನವರಿ ಕೊನೆಗೆ ತೆರೆಯಿತು. ಅದರ ಮೇಲೆ ಬಂದಷ್ಟು ಜೋಕು ಬೇರೆ ಯಾವ ಸೇತುವೆಯ ಮೇಲೂ ಬಂದಿರಲಿಕ್ಕಿಲ್ಲ. ಇಂದ್ರಾಳಿಯ ರೈಲ್ವೆ ಮೇಲ್ಸೇತುವೆಗೆ ನಾವು ಉಡುಪಿಯವರು ಎಷ್ಟು ಕಾದೆವು. ಬಿ.ಸಿ.ರೋಡ್‌ನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಅರ್ಧದಲ್ಲಿ ನಿಂತು, ಮತ್ತೆ ಟೆಂಡರ್ ಕರೆದು ಬೇರೆಯವರಿಗೆ ಕೊಡಬೇಕಾಯಿತು. ಇವೆಲ್ಲ ಹೆದ್ದಾರಿಯ ದೊಡ್ಡ ಕೆಲಸಗಳು, ಒಂದೊಂದರ ಕಾರಣ ಒಂದೊಂದು, ಎಲ್ಲ ತಪ್ಪೂ ಕಂಟ್ರಾಕ್ಟರದ್ದೇ ಅಂತ ಹೇಳಿದರೆ ಅನ್ಯಾಯ. ನನ್ನ ಪ್ರಶ್ನೆ ಚಿಕ್ಕದು. ಕೆಲಸ ಕೊಡುವ ಮೊದಲು, ಇವರಿಗೆ ಮುಗಿಸುವ ಶಕ್ತಿ ಇದೆಯಾ ಎಂದು ತನ್ನ ಸ್ವಂತ ದುಡ್ಡು ಪಣಕ್ಕಿಟ್ಟು ನೋಡುವವರು ಯಾರು? ಟೆಂಡರ್ ತೆರೆಯುವ ಅಧಿಕಾರಿಯ ದುಡ್ಡಂತೂ ಅಲ್ಲ. ಠೇವಣಿಯ ಬದಲು ಬ್ಯಾಂಕ್ ಗ್ಯಾರಂಟಿ ಕೊಟ್ಟ ಬ್ಯಾಂಕಿನದ್ದೂ ಅಲ್ಲ, ಯಾಕೆಂದರೆ ಚಿಕ್ಕ ಕಂಟ್ರಾಕ್ಟರಿಗೆ ಬ್ಯಾಂಕು ಹೆಚ್ಚಾಗಿ ಅಷ್ಟೇ ಮೊತ್ತದ ಎಫ್‌ಡಿ ಅಡವಿಟ್ಟುಕೊಂಡೇ ಗ್ಯಾರಂಟಿ ಬರೆಯುತ್ತದೆ. ಅವನು ಕೆಲಸ ಮುಗಿಸಿದರೆಷ್ಟು, ಬಿಟ್ಟರೆಷ್ಟು ಬ್ಯಾಂಕಿಗೆ?

ಒಂದು ಕಾಲದಲ್ಲಿ ಹೀಗಿರಲಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಇದು ಬ್ಯಾಂಕುಗಳು ಹುಟ್ಟಿದ ನೆಲ. ಕಾರ್ಪೊರೇಶನ್ ಬ್ಯಾಂಕು, ಕೆನರಾ ಬ್ಯಾಂಕು ಎರಡೂ 1906ರಲ್ಲಿ ಹುಟ್ಟಿದ್ದು, ಒಂದು ಉಡುಪಿಯಲ್ಲಿ, ಒಂದು ಮಂಗಳೂರಿನಲ್ಲಿ. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ 1928ರಲ್ಲಿ ಶುರುವಾದದ್ದು ಇಲ್ಲಿಯೇ. ಮನೆಮನೆಗೆ ಹೋಗುವ ಪಿಗ್ಮಿ ಏಜೆಂಟಿಗೆ ಯಾರು ಕೈಬಿಗಿ, ಯಾರು ಮಾತಿಗೆ ನಿಲ್ಲುವವರು ಎಲ್ಲ ಗೊತ್ತಿತ್ತು, ಮೆನೇಜರು ಅವನನ್ನು ಕೇಳುತ್ತಿದ್ದರು. ಈಗ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ, ವಿಜಯಾ ಬ್ಯಾಂಕು ಬರೋಡಾದೊಳಗೆ. ಮೆನೇಜರು ಬಂದು ಭಾಷೆ ಕಲಿಯುವಷ್ಟರಲ್ಲಿ ಟ್ರಾನ್ಸ್‌ಫರ್. ಎಫ್‌ಡಿ ಇದೆಯಾ, ಮುಗಿಯಿತು. ಇದು ಸುಮ್ನೆ ಬೇಜಾರಿನಲ್ಲಿ ಹೇಳಿದ್ದು, ಇರಲಿ.

ವಿಷಯಕ್ಕೆ ಬರುತ್ತೇನೆ. ವಿಮೆ ಕಂಪನಿಗಳು ಕೊಡುವ ಶ್ಯೂರಿಟಿ ಬಾಂಡ್, ಅಂದರೆ ಕಂಟ್ರಾಕ್ಟರಿನ ಪರವಾಗಿ ಬರೆದುಕೊಡುವ ಜಾಮೀನು, ಈಗ ನಮ್ಮ ದೇಶದಲ್ಲೂ ಇದೆ. ವಿಮಾ ನಿಯಂತ್ರಕರಾದ ಐಆರ್‌ಡಿಎಐ ಮಾಡಿದ ಮಾರ್ಗಸೂಚಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸರಕಾರಿ ಖರೀದಿಯಲ್ಲಿ ಬ್ಯಾಂಕ್ ಗ್ಯಾರಂಟಿಯ ಬದಲು ಇದನ್ನು ಒಪ್ಪಬಹುದು ಎಂದು ಅದೇ ವರ್ಷದ ಬಜೆಟ್ಟಿನಲ್ಲಿ ನಿರ್ಮಲಾ ಸೀತಾರಾಮನ್ ಹೇಳಿದರು, ಕೇಂದ್ರದ ಹಣಕಾಸು ನಿಯಮಕ್ಕೂ ಸೇರಿಸಿದರು. ಡಿಸೆಂಬರಿನಲ್ಲಿ ಗಡ್ಕರಿಯವರು ಮೊದಲ ಬಾಂಡ್ ಯೋಜನೆಗೆ ಚಾಲನೆ ಕೊಟ್ಟರು. ಹೆದ್ದಾರಿ ಪ್ರಾಧಿಕಾರ ಇದನ್ನು ಒಪ್ಪಿಕೊಳ್ಳುತ್ತಿದೆ. ನಮ್ಮ ಅಂಗಡಿಗೆ ಬರುವ ಕಂಟ್ರಾಕ್ಟರುಗಳನ್ನು ಕೇಳಿದರೆ ಮಾತ್ರ ಇನ್ನೂ ಎಫ್‌ಡಿ, ಡಿಡಿ, ಬ್ಯಾಂಕ್ ಗ್ಯಾರಂಟಿಯದ್ದೇ ಸುದ್ದಿ.

ಇದನ್ನು ವಾಹನ ವಿಮೆಯಂಥದ್ದು ಅಂತ ತಿಳಿಯಬೇಡಿ. ಸೊಸೈಟಿ ಸಾಲಕ್ಕೆ ಭಾವ ಜಾಮೀನು ಸಹಿ ಹಾಕಿದ ಹಾಗೆ ಇದು. ನೀವು ಕಟ್ಟದಿದ್ದರೆ ಭಾವ ಕಟ್ಟುತ್ತಾನೆ, ಆದರೆ ಆಮೇಲೆ ನಿಮ್ಮನ್ನು ಬಿಡುವುದಿಲ್ಲ. 1872ರ ಕಾಂಟ್ರಾಕ್ಟ್ ಕಾಯ್ದೆಯಲ್ಲೇ ಈ ಮೂವರ ಸಂಬಂಧ ಬರೆದಿಟ್ಟಿದ್ದಾರೆ, ಹಣ ಕೊಟ್ಟ ಜಾಮೀನುದಾರನಿಗೆ ಸಾಲಗಾರನಿಂದ ವಸೂಲು ಮಾಡುವ ಹಕ್ಕು ಕೂಡ. ಹಾಗಾಗಿಯೇ ಬಾಂಡ್ ಕೊಡುವ ಮೊದಲು ಕಂಪನಿ ನೋಡುತ್ತದೆ, ಇವರ ಕೈಯಲ್ಲಿ ಈಗ ಎಷ್ಟು ಕೆಲಸ ಇದೆ, ಹಿಂದಿನದ್ದು ಮುಗಿಸಿದ್ದಾರಾ, ಯಂತ್ರ ಜನ ಇದ್ದಾರಾ, ಹಾಕಿದ ರೇಟಿಗೆ ಈ ಕೆಲಸ ಆಗುತ್ತದಾ. ಆ ಅತಿ ಕಡಿಮೆ ರೇಟಿನ ಟೆಂಡರ್ ಇಲ್ಲಿಯೇ ಬಿದ್ದುಹೋಗಬೇಕಿತ್ತು.

ಆದರೆ ಇಲ್ಲೂ ನಮಗೆ ಜಾಗ ಇಲ್ಲ. ಆ ಮಾರ್ಗಸೂಚಿಯಲ್ಲಿ ಬಿಡ್ ಬಾಂಡ್, ಪರ್ಫಾರ್ಮೆನ್ಸ್ ಬಾಂಡ್, ಮುಂಗಡ ಹಣದ ಬಾಂಡ್, ಹಿಡಿದಿಟ್ಟ ಹಣದ ಬಾಂಡ್ ಎಲ್ಲ ಇವೆ. ಎಲ್ಲವೂ ಇಲಾಖೆಯ ಕಡೆಗೆ. ಪೇಮೆಂಟ್ ಬಾಂಡ್, ಅಂದರೆ ಕಂಟ್ರಾಕ್ಟರ್ ತನ್ನ ಕೂಲಿಯವರಿಗೆ, ಸಬ್ ಕಾಂಟ್ರಾಕ್ಟಿನವರಿಗೆ, ಸಾಮಾನು ಕೊಟ್ಟವರಿಗೆ ದುಡ್ಡು ಕೊಡುತ್ತಾನೆ ಎಂಬ ಜಾಮೀನು, ಅದು ಬೇರೆಯಾಗಿ ಕಾಣುವುದಿಲ್ಲ.

ಅಮೆರಿಕದಲ್ಲಿ ಇದು ಹಳೆಯ ವಿಷಯ. 1894ರ ಹರ್ಡ್ ಆಕ್ಟ್ ಮೊದಲು, ಆಮೇಲೆ ಅದನ್ನು ಸರಿಮಾಡಿ 1935ರಲ್ಲಿ ಮಿಲ್ಲರ್ ಆಕ್ಟ್. ಅಲ್ಲಿ ಖಾಸಗಿ ಕಟ್ಟಡವಾದರೆ ಬಾಕಿ ಇರುವವನು ಆ ಕಟ್ಟಡದ ಮೇಲೆಯೇ ಹಕ್ಕು ಹಾಕಬಹುದು. ಸರಕಾರಿ ಕಟ್ಟಡದ ಮೇಲೆ ಹಾಕುವಂತಿಲ್ಲ. ಹಾಗಾದರೆ ಅವನ ಗತಿ ಏನು ಎಂದು ಯೋಚಿಸಿ ಮಾಡಿದ ಕಾನೂನು ಇದು. ಅಲ್ಲಿನ ಕೇಂದ್ರ ಸರಕಾರದ ದೊಡ್ಡ ಕಟ್ಟಡ ಕೆಲಸ ಹಿಡಿಯುವವನು (ಕಾನೂನಿನಲ್ಲಿ ಬರೆದ ಮಿತಿ 1 ಲಕ್ಷ ಡಾಲರ್, ಆಮೇಲೆ ಬೆಲೆ ಏರಿದ ಹಾಗೆ ಅದೂ ಏರಿದೆ) ಎರಡು ಬಾಂಡ್ ಕೊಡಬೇಕು. ಒಂದು ಕೆಲಸ ಮುಗಿಸುವುದಕ್ಕೆ, ಇನ್ನೊಂದು ಬಾಕಿ ತೀರಿಸುವುದಕ್ಕೆ. ಎರಡನೆಯದು ಸಾಮಾನ್ಯವಾಗಿ ಇಡೀ ಗುತ್ತಿಗೆಯ ಮೊತ್ತಕ್ಕೆ. ಸಾಮಾನು ಕೊಟ್ಟು 90 ದಿನವಾದರೂ ಹಣ ಬಾರದಿದ್ದರೆ ಆ ಬಾಂಡಿನ ಮೇಲೆ ದಾವೆ ಹಾಕಬಹುದು, ಒಂದು ವರ್ಷದೊಳಗೆ ಹಾಕಬೇಕು. ಸಬ್ ಕಾಂಟ್ರಾಕ್ಟರಿಗೆ ಸಾಮಾನು ಕೊಟ್ಟವನಿಗೂ ಹಕ್ಕಿದೆ, ಅವನು 90 ದಿನದೊಳಗೆ ಮುಖ್ಯ ಕಂಟ್ರಾಕ್ಟರಿಗೆ ನೋಟಿಸು ಕೊಟ್ಟಿರಬೇಕು, ಅಷ್ಟೇ. ಅಲ್ಲಿನ ರಾಜ್ಯಗಳಲ್ಲೂ ಇದೇ ತರದ ಕಾನೂನು ಇದೆ, ಅವಕ್ಕೆ ಮರಿ ಮಿಲ್ಲರ್ ಆಕ್ಟ್ ಎಂದೇ ಹೆಸರು. ಇದರಲ್ಲಿ ಸರಕಾರಕ್ಕೂ ಲಾಭ ಇದೆ: ಬಾಕಿ ಸಿಗುವ ಧೈರ್ಯ ಇದ್ದರೆ ಸಾಮಾನು ಕೊಡುವವನು ಸರಕಾರಿ ಕೆಲಸ ಎಂದು ರೇಟು ಏರಿಸುವುದಿಲ್ಲ. ನಾವು ಏರಿಸುತ್ತೇವೆ. ಬೇಜಾರು ಮಾಡಬೇಡಿ, ಸತ್ಯ ಹೇಳುತ್ತಿದ್ದೇನೆ. ಕಂಟ್ರಾಕ್ಟರ್ ಅದನ್ನು ತನ್ನ ಟೆಂಡರಿನಲ್ಲಿ ಸೇರಿಸುತ್ತಾನೆ, ಕೊನೆಗೆ ನೀವೇ ಕೊಡುತ್ತೀರಿ.

ನಾನು ಕೇಳುವುದು ಇದು. ನಿಮ್ಮ ಪ್ರಮಾಣಿತ ಟೆಂಡರ್ ದಾಖಲೆಯಲ್ಲಿ ಪೇಮೆಂಟ್ ಬಾಂಡಿಗೆ ಒಂದು ಕಲಮು ಹಾಕಿ. ಎಲ್ಲ ಕೆಲಸಕ್ಕೆ ಬೇಡ. ಹತ್ತು ಲಕ್ಷದ ಚರಂಡಿಗೆ ಬಾಂಡ್ ಕೇಳಿದರೆ ಪಾಪ, ಊರಿನ ಚಿಕ್ಕ ಕಂಟ್ರಾಕ್ಟರ್ ಅಂಗಡಿ ಮುಚ್ಚುತ್ತಾನೆ. ಎರಡು ಕೋಟಿಗಿಂತ ಮೇಲಿನದ್ದಕ್ಕೆ ಸಾಕು ಅಂತ ನನ್ನ ಲೆಕ್ಕ, ನೀವು ಬೇರೆ ಮಿತಿ ಇಡಿ. ಬಾಂಡಿನ ಪ್ರೀಮಿಯಂ ಎಸ್ಟಿಮೇಟಿನಲ್ಲೇ ಸೇರಿಸಿ. ಕಟ್ಟಡ ಕಾರ್ಮಿಕರ ಸೆಸ್ ಅಂತ ಶೇಕಡಾ 1 ಬಿಲ್ಲಿನಲ್ಲಿ ಹಿಡಿಯುತ್ತೀರಲ್ಲ, ಅದರಿಂದ ಯಾವ ಕೆಲಸವೂ ನಿಂತಿಲ್ಲ.

ಚಿಕ್ಕ ಕೆಲಸಗಳಿಗೆ ಬಾಂಡೇ ಬೇಕಾಗಿಲ್ಲ, ಒಂದು ನೋಟಿಸು ಸಾಕು. ಕೊನೆಯ ಬಿಲ್ಲು ಮತ್ತು ಠೇವಣಿ ಹಿಂದಿರುಗಿಸುವ ಮೊದಲು, "ಈ ಕೆಲಸದ ಬಾಬ್ತು ಯಾರಿಗಾದರೂ ಬಾಕಿ ಇದ್ದರೆ 30 ದಿನದೊಳಗೆ ಬಿಲ್ಲು, ಚಲನ್ ಸಹಿತ ತಿಳಿಸಿ" ಎಂದು ಕಚೇರಿಯ ಬೋರ್ಡಿನಲ್ಲೂ ವೆಬ್‌ಸೈಟಿನಲ್ಲೂ ಹಾಕಿ. ಬಾಕಿ ಕಂಡರೆ ಅಷ್ಟು ಮೊತ್ತ ತಡೆಹಿಡಿಯಿರಿ, ಕಂಟ್ರಾಕ್ಟರನ್ನು ಕರೆದು ಕೇಳಿ. ಇದಕ್ಕೆ ನಿಮಗೆ ಎಷ್ಟು ಖರ್ಚು? ಸುಳ್ಳು ಬಾಕಿ ಹೇಳಿಕೊಂಡು ಬರುವವರೂ ಇರುತ್ತಾರೆ, ಒಪ್ಪುತ್ತೇನೆ, ಅದಕ್ಕೇ ಬಿಲ್ಲು ಮತ್ತು ಸೈಟಿನಲ್ಲಿ ಸಹಿಯಾದ ಚಲನ್ ಕೇಳಿ ಎಂದದ್ದು. ಜಿಎಸ್‌ಟಿ ಬಂದ ಮೇಲೆ ನಮ್ಮ ಬಿಲ್ಲುಗಳು ಹೇಗೂ ಕಂಪ್ಯೂಟರಿನಲ್ಲಿ ಇವೆ.

ಇನ್ನು ಕಂಟ್ರಾಕ್ಟರುಗಳ ಪರವಾಗಿ ಒಂದು ಮಾತು ಹೇಳದಿದ್ದರೆ ನನ್ನ ಗಿರಾಕಿಗಳು ನಾಳೆ ಅಂಗಡಿಗೆ ಬರಲಿಕ್ಕಿಲ್ಲ. ಕಂಟ್ರಾಕ್ಟರ್ ನಮಗೆ ಬಾಕಿ ಇಡುವುದು ಯಾವಾಗಲೂ ಮೋಸದಿಂದ ಅಲ್ಲ. ಹೆಚ್ಚಿನ ಸಲ ಅವನ ಬಿಲ್ಲೇ ನಿಮ್ಮ ಮೇಜಿನಲ್ಲಿ ಕೂತಿರುತ್ತದೆ. ಎಂ ಬುಕ್ಕಿನಲ್ಲಿ ಅಳತೆ ಬರೆದು, ಸಹಿಯಾಗಿ, ಅನುದಾನ ಬಾರದೆ, ಮಾರ್ಚಿಗೆ ಕಾದು. ಮಧ್ಯೆ ಇನ್ನೊಂದು ವ್ಯವಹಾರ ಬೇರೆ: 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಶೇಕಡಾ 40ರ ಕಮಿಷನ್ ಬಗ್ಗೆ ಪ್ರಧಾನಿಗೇ ಪತ್ರ ಬರೆದದ್ದು ಎಲ್ಲರಿಗೂ ಗೊತ್ತು. ಮರುವರ್ಷ ಏಪ್ರಿಲ್‌ನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ನಮ್ಮ ಉಡುಪಿಯ ಲಾಡ್ಜಿನಲ್ಲಿ ಜೀವ ಕಳೆದುಕೊಂಡರು. ವರ್ಕ್ ಆರ್ಡರ್ ಇಲ್ಲದೆ ಮಾಡಿದ ರಸ್ತೆ ಕೆಲಸದ ಹಣ ಬಾಕಿ ಎಂಬ ವಿಷಯ ಆಗ ರಾಜ್ಯವಿಡೀ ಚರ್ಚೆಯಾಯಿತು. ಹಾಗಾಗಿ ಬಾಂಡ್ ಕಡ್ಡಾಯ ಮಾಡುವುದಾದರೆ ಜೊತೆಗೆ ನಿಮ್ಮ ಮೇಲೂ ಒಂದು ಗಡುವು ಹಾಕಿಕೊಳ್ಳಿ. ಅಳತೆಯಾದ ಬಿಲ್ಲಿಗೆ ಇಷ್ಟು ದಿನದೊಳಗೆ ಹಣ, ತಪ್ಪಿದರೆ ಬಡ್ಡಿ. ನೀವು ಕೊಡದೆ ಕೂತು, ಅವನು ಕೊಡಲಿಲ್ಲ ಎಂದು ಅವನ ಬಾಂಡ್ ಮುರಿಸುವುದು ಯಾವ ನ್ಯಾಯ?

ವಿಮೆ ಕಂಪನಿ ದೊಡ್ಡವರಿಗೆ ಮಾತ್ರ ಬಾಂಡ್ ಕೊಡುತ್ತದೆ, ಚಿಕ್ಕವನನ್ನು ಹತ್ತಿರ ಸೇರಿಸುವುದಿಲ್ಲ ಎಂಬ ಹೆದರಿಕೆಯೂ ಸರಿಯೇ. ಅಮೆರಿಕದಲ್ಲಿ ಅದಕ್ಕೂ ದಾರಿ ಮಾಡಿದ್ದಾರೆ, ಸಣ್ಣ ಉದ್ದಿಮೆಗಳ ಸರಕಾರಿ ಇಲಾಖೆಯೊಂದು ಚಿಕ್ಕ ಕಂಟ್ರಾಕ್ಟರಿನ ಬಾಂಡಿಗೆ ಬೆನ್ನು ಕೊಡುತ್ತದೆ, ನಷ್ಟವಾದರೆ ಶೇಕಡಾ 80ರಿಂದ 90 ಅದೇ ಭರಿಸುತ್ತದೆ. ನಮ್ಮಲ್ಲೂ ಅಡಮಾನವಿಲ್ಲದ ಸಾಲಕ್ಕೆ ಗ್ಯಾರಂಟಿ ಕೊಡುವ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್ 2000ದಿಂದ ಇದೆ. ಅದೇ ಮಾದರಿಯಲ್ಲಿ ಬಾಂಡಿಗೂ ಒಂದು ವ್ಯವಸ್ಥೆ ಮಾಡಲು ರಾಜ್ಯ ಸರಕಾರ ಕೇಂದ್ರವನ್ನು ಕೇಳಬಹುದಲ್ಲ. ಐಆರ್‌ಡಿಎಐ ಕೂಡ 2023ರಲ್ಲಿ ನಿಯಮ ಸಡಿಲ ಮಾಡಿದೆ, ಬಾಂಡ್ ಗುತ್ತಿಗೆ ಮೊತ್ತದ ಶೇಕಡಾ 30 ಮೀರಬಾರದು ಎಂದು ಮೊದಲಿದ್ದ ಮಿತಿ ಈಗ ಇಲ್ಲ.

ಕೊನೆಗೆ ಒಂದು ವಿಷಯ, ಇದನ್ನು ಇಂಜಿನಿಯರುಗಳು ಗಮನಿಸಬೇಕು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ಕೆಲಸ ಆಗುವುದಿಲ್ಲ. ಹೊಯ್ಗೆ ಸಿಗದ ತಿಂಗಳುಗಳು ಬೇರೆ, 2025ರಲ್ಲಿ ಕೆಂಪುಕಲ್ಲೂ ಸಿಗದೆ ದಕ್ಷಿಣ ಕನ್ನಡದಲ್ಲಿ ಎಷ್ಟೋ ಕೆಲಸ ನಿಂತಿತ್ತು. ಹಾಗಾಗಿ ಅವಧಿ ವಿಸ್ತರಣೆ ನಮ್ಮಲ್ಲಿ ಮಾಮೂಲು, ಒಂದು ಅರ್ಜಿ, ಒಂದು ಸಹಿ. ಬಾಂಡ್ ಇರುವಾಗ ಹಾಗೆ ಮಾಡುವಂತಿಲ್ಲ. ಜಾಮೀನುದಾರನನ್ನು ಕೇಳದೆ ಒಪ್ಪಂದ ಬದಲಿಸಿದರೆ, ಕೇಳದೆ ಸಾಲಗಾರನಿಗೆ ಸಮಯ ಕೊಟ್ಟರೆ ಜಾಮೀನುದಾರ ಬಿಡುಗಡೆಯಾಗುತ್ತಾನೆ ಎಂದು ಕಾಂಟ್ರಾಕ್ಟ್ ಕಾಯ್ದೆಯ 133 ಮತ್ತು 135ನೇ ಸೆಕ್ಷನ್ ಹೇಳುತ್ತವೆ. ಬಾಂಡಿನಲ್ಲೇ ಬೇರೆ ಷರತ್ತು ಬರೆದಿಲ್ಲದಿದ್ದರೆ ನಿಮ್ಮ ಒಂದು ಸಹಿಗೆ ಜಾಮೀನೇ ಹಾರಿಹೋಗಬಹುದು. ಬಾಂಡಿನ ನಮೂನೆ ಬರೆಯುವಾಗಲೇ ಮಳೆಗಾಲದ ವಿಸ್ತರಣೆಗೆ ಕಂಪನಿಯ ಒಪ್ಪಿಗೆ ಮುಂಚೆಯೇ ಇದೆ ಎಂದು ಸೇರಿಸಿ, ಬಾಂಡಿನ ಅವಧಿ ತಾನಾಗಿ ಮುಂದುವರಿಯುವಂತೆ ಮಾಡಿ. ಬೆಂಗಳೂರಿನಲ್ಲಿ ಕೂತು ನಮೂನೆ ಬರೆಯುವವರಿಗೆ ಈ ಮಳೆ ನೆನಪಾಗುವುದು ಕಷ್ಟ, ಅದಕ್ಕೇ ಹೇಳಿದ್ದು.

ಬಾಂಡ್ ಅಸಲಿಯೇ ಎಂದು ಕೊಟ್ಟ ಕಂಪನಿಯನ್ನೇ ನೇರವಾಗಿ ಕೇಳಿ ಖಚಿತ ಮಾಡಿಕೊಳ್ಳಿ ಎಂಬುದನ್ನೂ ಸೇರಿಸುತ್ತೇನೆ. ಮಧ್ಯಪ್ರದೇಶದ ಜಲ ನಿಗಮಕ್ಕೆ ಕೊಟ್ಟ 183 ಕೋಟಿ ರೂಪಾಯಿಯ ಬ್ಯಾಂಕ್ ಗ್ಯಾರಂಟಿಗಳು ನಕಲಿ ಎಂದು 2025ರಲ್ಲಿ ಸಿಬಿಐ ಹೇಳಿತು. ಬ್ಯಾಂಕಿನ ಹೆಸರಿನ ಸುಳ್ಳು ಇಮೇಲ್‌ನಿಂದ ಅಲ್ಲಿನವರಿಗೆ ಖಾತ್ರಿಯ ಉತ್ತರವೂ ಬಂದಿತ್ತಂತೆ.

ಕಾನೂನು ಬದಲಾಗಲು ಸಮಯ ಬೇಕು, ಗೊತ್ತು. ಆ 30 ದಿನದ ನೋಟಿಸಿಗೆ ಕಾನೂನು ಬೇಕಾ? ಈ ಮಳೆ ಮುಗಿದ ಮೇಲೆ ಕರೆಯುವ ಟೆಂಡರುಗಳಿಗೆ ಅದೊಂದು ಷರತ್ತು ಸೇರಿಸಲು ಸಾಧ್ಯವಾ ಇಲ್ಲವಾ, ಇಲ್ಲವಾದರೆ ಯಾವ ನಿಯಮ ಅಡ್ಡ ಬರುತ್ತದೆ ಎಂದು ಬರೆದು ತಿಳಿಸಿ. ಇದೇ ಪ್ರಶ್ನೆಯನ್ನು ನಾವು ಕೆಲವು ಅಂಗಡಿಯವರು, ಲಾರಿಯವರು ಸೇರಿ ಸಹಿ ಹಾಕಿ ಎರಡೂ ಜಿಲ್ಲೆಯ ಕಚೇರಿಗಳಿಗೆ ಅರ್ಜಿಯಾಗಿಯೂ ಕೊಡುತ್ತಿದ್ದೇವೆ.

ಇತಿ,
ಉಡುಪಿಯ ಒಬ್ಬ ಹಾರ್ಡ್‌ವೇರ್ ಅಂಗಡಿಯವ